ಅಳಿಯನ ಮನೆಯ ರೊಟ್ಟಿ

ಎಪ್ಪತ್ತಾರನೆಯ ಇಸವಿಯ ಫೆಬ್ರವರಿ ಕೊನೆಯ ಶನಿವಾರ ಆ ಪತ್ರ ಬಂದಾಗ ಗುರುಸಿದ್ದಮ್ಮ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಜರ್ಸಿ ಸಿಟಿಯಲ್ಲಿ ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಮೂಲೆಯಲ್ಲಿದ್ದ ಪೋರ್ಟೊ ರಿಕೊದವರ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತರಿಸಿ, ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿ, ಕುದಿನೀರು ಹಾಕಿ ನಾದಿದರೆ ಹೇಗೋ ರೊಟ್ಟಿಯಾಗುತ್ತಿತ್ತು. ಬಂದ ಹೊಸದರಲ್ಲಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಸೂರನ್ನು ಕುಟ್ಟಿದ್ದರು. ಅಂದಿನಿಂದ ಅವಳು ಹಲಗೆಯ ಕೆಳಗೆ ದಪ್ಪ ಟವೆಲ್ ಮಡಿಸಿ ಹಾಕಿಕೊಂಡು ಮೆತ್ತಗೆ ಬಡಿಯುತ್ತಿದ್ದಳು.

ಮಗಳು ಶೈಲಾ ಕೆಳಗಿನ ಡಬ್ಬಿಯಿಂದ ಟಪಾಲು ತೆಗೆದುಕೊಂಡು ಮೂರನೆಯ ಮಹಡಿಗೆ ಹತ್ತಿ ಬಂದಳು. ಅಳಿಯ ಅಮರೇಶ್ವರ ಊಟಕ್ಕೆ ಕುಳಿತಿದ್ದ. ಪಕ್ಕದಲ್ಲಿ ಮೊಮ್ಮಗಳು ನಿರುಪಮಾ ರೊಟ್ಟಿಗೆ ಬೆಣ್ಣೆಯ ಬದಲು ಜಾಮ್ ಹಚ್ಚಿಕೊಂಡು ತಿನ್ನುತ್ತಿದ್ದಳು. ಅಮರೇಶ್ವರ ಕೈ ಒರೆಸಿಕೊಂಡು ಲಕೋಟೆ ಒಡೆದ. ಓದಿದ. ಮತ್ತೆ ಮೊದಲಿನಿಂದ ಓದಿದ.

"ಏನ್ರೀ ಅದು?" ಶೈಲಾ ಕೇಳಿದಳು.

"ಇನ್‌ಕಮ್ ಟ್ಯಾಕ್ಸ್‌ದವ್ರು ಕರದಾರ. ನ್ಯೂಅರ್ಕ್‌ಗೆ. ಎಪ್ಪತ್ನಾಕನೇ ಇಸವಿಯ ರಿಟರ್ನ್‌ದಾಗ ನಾ ಅತ್ತಿಯವ್ರನ್ನ ಡಿಪೆಂಡೆಂಟ್ ಅಂತ ತೋರ್ಸೇನಲ್ಲ, ಅದಕ್ಕ ಪುರಾವೆ ತರಬೇಕಂತ."

ಗುರುಸಿದ್ದಮ್ಮ ತಿರುಗಲಿಲ್ಲ. "ಶೈಲಾ, ಏನಂತ ಕೇಳು. ನನ್ನ ಸುದ್ದಿ ಬಂದಂಗಾತಲ್ಲ" ಅಂದಳು.

ಎರಡೂವರೆ ವರ್ಷದಿಂದ ಒಂದೇ ಮನೆಯಲ್ಲಿದ್ದರೂ ಅವಳು ಅಳಿಯನೊಂದಿಗೆ ನೇರವಾಗಿ ಮಾತಾಡಿದವಳಲ್ಲ. ಅವಳ ಊರಲ್ಲಿ ಹಾಗೆ ಮಾತಾಡುವ ರೂಢಿ ಇರಲಿಲ್ಲ. ಹೇಳುವುದನ್ನೆಲ್ಲ ಶೈಲಾಳಿಗೆ ಹೇಳುವಳು. ಶೈಲಾ ಇಲ್ಲದ ಹೊತ್ತಿನಲ್ಲಿ ಫ್ರಿಜ್ಜಿನ ಕಡೆ ಮುಖ ಮಾಡಿ, "ಚಾ ಆರಾಕತ್ತೇತಿ" ಅನ್ನುವಳು. ಅಮರೇಶ್ವರನೂ ಅದೇ ಸೀಮೆಯವನು. ಫ್ರಿಜ್ಜಿಗೆ ಹೇಳಿದ್ದು ತನಗೇ ಎಂದು ತಿಳಿದು ಬಂದು ಚಹಾ ಕುಡಿಯುವನು.

"ಡಿಪೆಂಡೆಂಟ್ ಅಂದ್ರ ನಮ್ಮ ಆಸರಕ್ಕ ಇರೋರು, ಅವ್ವಾ" ಅಂದಳು ಶೈಲಾ. "ಇವ್ರು ದುಡದು ಹಾಕಿದ್ದು ಉಣ್ಣೋರು. ನಿರುಪಮಾನ ಹೆಸರು ಬರದಂಗ ನಿನ್ನ ಹೆಸರೂ ಬರದಾರ. ಅದರಿಂದ ತೆರಿಗಿ ಒಂದೀಟು ಕಮ್ಮಿ ಆಗತೈತಿ."

ಬಡಿಯುವ ಕೈ ನಿಂತಿತು.

"ಅಳ್ಯಾ ಹಾಕಿದ್ದು ಉಣ್ಣಾಕಿ ಅಂತ ಸರ್ಕಾರಕ್ಕ ಬರದಾರ?"

"ಅವ್ವಾ, ಹೆಂಚಿನ ಮ್ಯಾಲಿಂದು ಹೊತ್ತಾಕತ್ತೇತಿ."

"ಅದರಾಗ ತಪ್ಪೇನೈತಿ ಅಂತ ಹೇಳು ನಿಮ್ಮವ್ವಗ" ಅಂದ ಅಮರೇಶ್ವರ. "ಇದ್ದದ್ದು ಬರದೇನಿ. ಖರೇ ಮಾತಿಗೆ ಅಂಜೂದ್ಯಾಕ?" ಹಾಗೆಂದವನು ಕಾಗದ ಮಡಿಸಿ, ಮತ್ತೆ ಬಿಚ್ಚಿ ನೋಡಿದ.

"ಡ್ಯಾಡಿ, ಆರ್ ವಿ ಇನ್ ಟ್ರಬಲ್?"

"ನೀ ಉಣ್ಣು."

ಅವನು ಬರೆದದ್ದು ಖರೆ ಅಲ್ಲವೆಂದು ಆ ಅಡುಗೆಮನೆಯಲ್ಲಿದ್ದ ಇಬ್ಬರು ಹೆಂಗಸರಿಗೆ ಗೊತ್ತಿತ್ತು. ಬರೆದವನಿಗೆ ಗೊತ್ತಿರಲಿಲ್ಲ.

ಗುರುಸಿದ್ದಮ್ಮನಿಗೆ ಶೈಲಾ ಒಬ್ಬಳೇ ಮಗಳು. ಗಂಡ ತೀರಿಕೊಂಡ ಮೇಲೆ ರೋಣದ ಕಡೆಯ ಊರಿನಲ್ಲಿ ಮೈದುನನ ಮಗ ಈಶಣ್ಣನ ಜೊತೆ ಇದ್ದಳು. ಒಂದು ದಿನ ಈಶಣ್ಣನ ಹೆಂಡತಿ ವೀರಬಸಮ್ಮ ಅವಳ ಕೈಯಿಂದ ರೊಟ್ಟಿಯ ಬುಟ್ಟಿ ಕಸಿದುಕೊಂಡು, "ಕುಂತು ಉಣ್ಣೋರಿಗೆ ಎರಡು ರೊಟ್ಟಿ ಸಾಕು" ಅಂದಿದ್ದಳು. ಅಷ್ಟರಲ್ಲಿ ಶೈಲಾ ಇಲ್ಲಿ ಸಿಟಿಜನ್ ಆಗಿದ್ದಳು. ತಾಯಿಯನ್ನು ಕರೆಸಿಕೊಂಡಳು. ಅತ್ತೆಯ ಊಟ ಬಟ್ಟೆ ಔಷಧದ ಹೊಣೆ ತನ್ನದೆಂದು ಅಮರೇಶ್ವರ ಇಮಿಗ್ರೇಶನ್‌ನವರಿಗೆ ಬರೆದುಕೊಟ್ಟಿದ್ದ. ಗುರುಸಿದ್ದಮ್ಮ ತನ್ನ ಪಾಲಿಗಿದ್ದ ಎರಿಹೊಲವನ್ನು ಈಶಣ್ಣನಿಗೇ ಕೊಟ್ಟು ಬಂದಿದ್ದಳು. ಹಿಂದೆ ತಿರುಗಿ ನೋಡಿದರೆ ಕಾಲೂರಲು ಅಲ್ಲಿ ಒಂದು ಬದುವೂ ಉಳಿದಿರಲಿಲ್ಲ.

ಆದರೆ ಇಲ್ಲಿ ಇನ್ನೊಂದು ತೊಡಕಿತ್ತು. ಮಗಳ ಮನೆಯಲ್ಲಿ ತವರಿನವರು ಬಿಟ್ಟಿ ಉಣ್ಣಬಾರದು. ಗುರುಸಿದ್ದಮ್ಮನ ಅಪ್ಪ ಮಗಳನ್ನು ನೋಡಲು ಬರುವಾಗ ಹೆಗಲ ಚೀಲದಲ್ಲಿ ಜೋಳ ಹಾಕಿಕೊಂಡೇ ಬರುತ್ತಿದ್ದ. ಅದನ್ನೇ ಬೀಸಿ ಬಡಿದ ರೊಟ್ಟಿ ಉಂಡು, ಹೋಗುವಾಗ ತಾಟಿನ ಕೆಳಗೆ ನಾಕಾಣೆ ಇಟ್ಟು ಹೋಗುತ್ತಿದ್ದ. ಇಲ್ಲಿ ಬಂದ ಮೊದಲ ತಿಂಗಳು ಗುರುಸಿದ್ದಮ್ಮ ಮುಜುಗರದಿಂದ ಅರೆಹೊಟ್ಟೆ ಉಂಡಳು. ಆಮೇಲೆ ಮೇಲಿನ ಮಹಡಿಯ ಸಲ್ಮಾಳಿಗೆ ಹೆರಿಗೆಯಾಯಿತು. ಹುಬ್ಬಳ್ಳಿಯ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ಅವಳು ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವವರು ಬೇಕಾಗಿತ್ತು. ವಾರಕ್ಕೆ ಹದಿನೈದು ಡಾಲರ್ ಕೊಡುತ್ತೇನೆ ಅಂದಳು. ಗುರುಸಿದ್ದಮ್ಮ ಕೂಸನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು.

ಅಂದಿನಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ನೋಟುಗಳನ್ನು ಮಡಿಸಿ ಹಿಟ್ಟಿನ ಡಬ್ಬಿಯೊಳಗೆ ಹುಗಿಯುವಳು. ಶೈಲಾ ಅದನ್ನು ತೆಗೆದು, ಹಿಟ್ಟು ಕೊಡವಿ, ಹಾಲಿಗೆ ಕಾಯಿಪಲ್ಲೆಗೆ ಖರ್ಚು ಮಾಡುವಳು. ಮೊದಲ ಸಲ ಅವಳು ಬೇಡವೆಂದಿದ್ದಳು.

"ಇವ್ರಿಗೆ ಗೊತ್ತಾದ್ರ ಏನಂದಾರು ಅವ್ವಾ?"

"ಹೇಳಬ್ಯಾಡ."

"ನಾ ಮುಟ್ಟಂಗಿಲ್ಲ ಈ ರೊಕ್ಕ."

"ನಾ ಮುಟ್ಟಂಗಿಲ್ಲ ಆ ರೊಟ್ಟಿ."

ಎರಡು ದಿನ ಮುಟ್ಟಿಯೂ ಇರಲಿಲ್ಲ. ಶೈಲಾ ಸೋತಳು. ಅಮರೇಶ್ವರ ಮಾತ್ರ ಅತ್ತೆ ಪ್ರೀತಿಯಿಂದ ಕೂಸು ಆಡಿಸುತ್ತಾಳೆಂದು ತಿಳಿದಿದ್ದ. ಗೆಳೆಯರ ಮುಂದೆ, "ನಮ್ಮ ಅತ್ತಿಯವ್ರು ರಾಣಿ ಇದ್ದಂಗ ಇದ್ದಾರ. ಒಂದು ಕಡ್ಡಿ ಎತ್ತಿ ಇಡಗೊಡಂಗಿಲ್ಲ ನಾ" ಅನ್ನುವನು. ರಿಟರ್ನ್ ಬರೆಯುವಾಗ ಅತ್ತೆಯ ಆದಾಯ ಕೇಳಿದ ಜಾಗದಲ್ಲಿ ಅದೇ ಅಭಿಮಾನದಿಂದ ಸೊನ್ನೆ ಹಾಕಿದ್ದ.

ಮಾರನೆಯ ದಿನ ಫ್ಲೋರಲ್ ಪಾರ್ಕ್ ಎಂಬ ಊರಿನಿಂದ ಪಂಚಾಕ್ಷರಿ ಬಂದ. ಅಮರೇಶ್ವರನ ಜೊತೆ ಕಾಲೇಜಿನಲ್ಲಿ ಓದಿದವನು, ಈಗ ಬ್ಯಾಂಕಿನಲ್ಲಿ ಕೆಲಸ. ಕಾಯಿದೆ ಬಲ್ಲವನೆಂದು ಅವನನ್ನು ಊಟಕ್ಕೆ ಕರೆದಿದ್ದರು. ಅವನು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ.

"ಸೊನ್ನಿ ಬರದೀಯಲ್ಲೋ, ಖರೇನ ಸೊನ್ನಿ ಹೌದಲ್ಲ?"

"ಮತ್ತೇನು? ಅತ್ತಿಯವ್ರು ಗಿರಣಿ ನಡಸ್ತಾರೇನು?"

"ಹಂಗಲ್ಲ. ಇದು ಬರೇ ಟ್ಯಾಕ್ಸ್‌ದಲ್ಲೇ ಮುಗಿಯೋ ಮಾತಲ್ಲ ನೋಡು. ಇಮಿಗ್ರೇಶನ್‌ದವ್ರಿಗೆ ಒಂದು ಬರಕೊಟ್ಟಿ, ಇವ್ರಿಗೆ ಒಂದು ಬರಕೊಟ್ಟಿ. ಎರಡೂ ತಾಳೆ ಆಗಬೇಕು. ಮೊನ್ನೆ ಇಲ್ಲೇ ಜರ್ಸಿದಾಗ ಯಾರದೋ ತಾಯಿನ್ನ ವಾಪಸ್ ಕಳಿಸಿದ್ರಂತ."

"ಯಾರನ್ನ?" ಶೈಲಾಳ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಹೆಸರು ಗೊತ್ತಿಲ್ಲ ತಂಗಿ. ಗುಜರಾತಿ ಮಂದಿ ಅಂತ ಕೇಳ್ದೆ. ಕಾಗದದಾಗ ಏನೋ ಸುಳ್ಳು ಸಿಕ್ತಂತ. ನೀವು ಅಂಜಬ್ಯಾಡ್ರಿ. ಇನ್ನೊಂದು ರೊಟ್ಟಿ ಹಾಕ್ರಿ. ಶೇಂಗಾ ಹಿಂಡಿ ಭಾರಿ ಆಗೇತಿ."

ಪಂಚಾಕ್ಷರಿ ಹೊಟ್ಟೆ ತುಂಬ ಉಂಡು ಹೋದ. ಅವನು ಬಿಟ್ಟುಹೋದ ಆ ಹೆಸರಿಲ್ಲದ ಗುಜರಾತಿ ತಾಯಿ ಮಾತ್ರ ಮನೆಯಲ್ಲೇ ಉಳಿದಳು. ಶೈಲಾ ಪಾತ್ರೆ ತೊಳೆಯುವಾಗ ಅವಳನ್ನು ನೆನೆದಳು, ಬಟ್ಟೆ ಮಡಿಸುವಾಗ ನೆನೆದಳು. ಕೆಳಗೆ ಟಪಾಲಿನ ಡಬ್ಬಿಯ ಮುಚ್ಚಳ ಟಣ್ ಎಂದರೆ ಎದೆ ಹಾರುತ್ತಿತ್ತು. ಬಿಸಿನೀರಿನ ಕೊಳವೆ ನೋಡಲು ಬಿಲ್ಡಿಂಗಿನ ಮೇಸ್ತ್ರಿ ಬಂದಾಗ ತಾಯಿಯನ್ನು ಮಲಗುವ ಕೋಣೆಗೆ ದೂಡಿ ಬಾಗಿಲು ಹಾಕಿದಳು. ಅವನು ಹೋದ ಮೇಲೆ ಗುರುಸಿದ್ದಮ್ಮ ಹೊರಬಂದು, "ನಾ ಏನ್ ಕದ್ದ ಎಮ್ಮಿಯೇನ, ಕಟ್ಟಿ ಹಾಕಾಕ?" ಅಂದಳು. ನಗೆಯಾಡಿದರೂ ಮುಖದಲ್ಲಿ ನಗೆ ಇರಲಿಲ್ಲ.

"ಸಾಲ್ಯಾಗ ಅಜ್ಜಿ ಸುದ್ದಿ ಯಾರ ಮುಂದೂ ಹೇಳಬ್ಯಾಡ" ಎಂದು ಶೈಲಾ ನಿರುಪಮಾಳಿಗೆ ಹೇಳಿದ್ದಳು. ಒಂದು ಸಂಜೆ ಹುಡುಗಿ ಊಟದ ನಡುವೆ ಕೇಳಿಯೇಬಿಟ್ಟಳು.

"ಈಸ್ ಅಜ್ಜಿ ಇಲ್ಲೀಗಲ್?"

ಅಮರೇಶ್ವರ ಮೇಜಿನ ಮೇಲೆ ಕೈ ಬಡಿದ. ಮಜ್ಜಿಗೆ ಚೆಲ್ಲಿತು. "ಯಾರು ಕಲಿಸಿದ್ರು ಆ ಮಾತು?"

"ನೋಬಡಿ. ಯು ಆಲ್ ವಿಸ್ಪರ್ ಆಲ್ ದ ಟೈಮ್."

"ಏನಂದಳು ಕೂಸು?" ಗುರುಸಿದ್ದಮ್ಮ ಕೇಳಿದಳು. ಶೈಲಾ ಚೆಲ್ಲಿದ ಮಜ್ಜಿಗೆ ಒರೆಸತೊಡಗಿದಳು.

ಅಮರೇಶ್ವರ ನ್ಯೂಅರ್ಕಿನ ಕಂಪನಿಯೊಂದರಲ್ಲಿ ಸೇತುವೆಗಳ ನಕ್ಷೆ ಬರೆಯುವವನು. ಗೆರೆ ಕೂದಲೆಳೆ ತಪ್ಪಿದರೂ ಸಹಿಸನು. ಅತ್ತೆಯ ಕೋಟು, ಬೂಟು, ಹಲ್ಲಿನ ಡಾಕ್ಟರ ಬಿಲ್ಲು ಎಲ್ಲವನ್ನೂ ಹುಡುಕಿ ಜೋಡಿಸಿಟ್ಟ. ಕೊನೆಗೆ ಅಂಗಡಿಯ ಚೀಟಿಗಳಿಗೆ ಕೈ ಹಾಕಿದ.

"ಶೈಲಾ, ನಾ ಮನಿಖರ್ಚಿಗೆ ಕೊಟ್ಟದ್ದಕ್ಕಿಂತ ಚೀಟಿ ಜಾಸ್ತಿ ಹೇಳ್ತಾವಲ್ಲ. ಮ್ಯಾಲಿನದು ಎಲ್ಲಿಂದ ಬಂತು?"

ಒಲೆಯ ಹತ್ತಿರ ಗುರುಸಿದ್ದಮ್ಮ ಇದ್ದಳು. ಶೈಲಾ ತಾಯಿಯ ಬೆನ್ನು ನೋಡಿದಳು, ಗಂಡನ ಮುಖ ನೋಡಿದಳು.

"ನಿಮ್ಮ ಕೋಟಿನ ಜೇಬಿನಾಗಿಂದ ತಗೊಂಡೆ."

"ನನಗ ಹೇಳದ?"

"ಹೇಳದ."

"ಎಷ್ಟು ದಿನಾತು ಈ ಚಾಳಿ?"

ಅಂದಿನಿಂದ ಅವನು ಕೋಟನ್ನು ಬಾಗಿಲ ಬಳಿ ತೂಗುಹಾಕದೆ ಮಲಗುವ ಕೋಣೆಗೆ ಒಯ್ಯತೊಡಗಿದ. ಶೈಲಾ ಅದನ್ನು ನೋಡಿದಳು. ಗುರುಸಿದ್ದಮ್ಮನೂ ನೋಡಿದಳು.

"ನನ್ನ ಸಲುವಾಗಿ ಕಳ್ಳಿ ಆದಿಯಲ್ಲೇ" ಅಂದಳು ತಾಯಿ, ಅವನು ಕೆಲಸಕ್ಕೆ ಹೋದ ಮೇಲೆ.

"ಆಗ್ಲಿ. ನೀ ಇಲ್ಲಿ ಇದ್ರ ಸಾಕು."

ದಿನ ಹತ್ತಿರ ಬಂದಾಗ ಅಮರೇಶ್ವರ, "ಅತ್ತಿಯವ್ರನ್ನೂ ಕರ್ಕೊಂಡು ಹೋಗೂಣು. ಕಣ್ಣಿಗೆ ಕಂಡ್ರ ನಂಬ್ತಾರ" ಅಂದ. ಶೈಲಾ ಬೇಡವೆಂದಳು, ಚಳಿ ಎಂದಳು, ಮೊಣಕಾಲು ನೋವು ಎಂದಳು. ಅವನು ಕೇಳಲಿಲ್ಲ. ಬಚ್ಚಿಡುವಂಥದ್ದು ಏನಿದೆ ಎಂದು ಅವನ ಲೆಕ್ಕ.

ಹೋಗುವ ಹಿಂದಿನ ಮಧ್ಯಾಹ್ನ ಶೈಲಾ ತಾಯಿಗೆ ಪಾಠ ಹೇಳಿದಳು. ಸಲ್ಮಾಳ ಕೂಸಿಗೆ ಈಗ ಎರಡು ವರ್ಷ. ಅದು ಅಜ್ಜಿಯ ಸೆರಗು ಹಿಡಿದು ಕೂತಿತ್ತು.

"ಏನ್ ಕೇಳಿದ್ರೂ ಒಂದ ಮಾತು ಹೇಳು ಅವ್ವಾ. ಅಳಿಯಂದ್ರು ನೋಡ್ಕೋತಾರ ಅನ್ನು."

"ನೋಡ್ಕೋತಾರ. ಸುಳ್ಳೇನಲ್ಲ."

"ಅಷ್ಟ ಸಾಕು."

"ಊಟದ್ದು ಕೇಳಿದ್ರ?"

"ಕೇಳಂಗಿಲ್ಲ."

"ಕೇಳಿದ್ರ, ಶೈಲಾ?"

"ಅವ್ವಾ, ನಿನ್ನ ಕಳಿಸಿಬಿಡ್ತಾರ! ಪಂಚಾಕ್ಷರಿ ಹೇಳಿದ್ದು ಕೇಳಲಿಲ್ಲೇನು? ಮತ್ತ ವೀರಬಸಮ್ಮನ ಕೈಯಾಗ ಉಣ್ತೀಯೇನು?"

ಗುರುಸಿದ್ದಮ್ಮನ ಕೈ ಎದೆಯ ಮೇಲಿನ ಕರಡಿಗೆಯ ಮೇಲೆ ಹೋಯಿತು. ಅದರೊಳಗೆ ಇಷ್ಟಲಿಂಗವಿತ್ತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಕಳಿಸಿದ್ರ, ವಿಮಾನದಾಗ ನನ್ನ ಒಬ್ಬಾಕಿನ್ನ ಕುಂದ್ರಸ್ತಾರೇನು? ಬರುವಾಗ ಬಾಜೂಕ ಕುಂತಿದ್ದ ಹೆಣ್ಮಗಳು ಪಟ್ಟಿ ಬಿಗದು ಕೊಟ್ಟಿದ್ಲು. ನನಗ ಅದು ಬರಂಗಿಲ್ಲ."

ಶೈಲಾ ಎದ್ದು ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಟ್ಟಳು.

ನ್ಯೂಅರ್ಕಿನ ಆಫೀಸಿನಲ್ಲಿ ಇವರ ಪಾಳಿ ಬರುವ ತನಕ ಉದ್ದನೆಯ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಗುರುಸಿದ್ದಮ್ಮ ಇಳಕಲ್ ಸೀರೆಯ ಮೇಲೆ ಮಗಳ ಹಳೆಯ ಕೋಟು ತೊಟ್ಟು, ಕಾಲಿಗೆ ರಬ್ಬರ್ ಬೂಟು ಹಾಕಿದ್ದಳು. ಕರಗಿದ ಹಿಮ ಬೂಟಿನಿಂದ ಸೋರಿ ನೆಲ ಒದ್ದೆಯಾಯಿತು. ಅವಳು ಅದನ್ನು ಸೀರೆಯಂಚಿನಿಂದ ಒರೆಸಲು ಬಾಗಿದಳು. ಶೈಲಾ ತಡೆದಳು.

ಕರೆದ ಅಧಿಕಾರಿ ವಯಸ್ಸಾದ ಹೆಂಗಸು. ಕಂದು ಸ್ವೆಟರು, ಬಾಯಲ್ಲಿ ಕೆಮ್ಮಿನ ಗುಳಿಗೆ. ಗುರುಸಿದ್ದಮ್ಮನನ್ನು ನೋಡಿ ತಲೆಬಾಗಿ, ಕುರ್ಚಿ ಸರಿಸಿಕೊಟ್ಟಳು. ಅಮರೇಶ್ವರ ಜೋಡಿಸಿ ತಂದ ಕಾಗದಗಳನ್ನು ಒಂದೊಂದಾಗಿ ಇಟ್ಟ. ಅವಳು ನೋಡಿ ಸರಿ ಎಂದಳು. ಅವನ ಹೆಗಲು ಸ್ವಲ್ಪ ಇಳಿಯಿತು.

"ಇವರಿಗೆ ಬೇರೆ ಏನಾದರೂ ಆದಾಯ ಇತ್ತೇ?" ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದಳು.

"ಏನೂ ಇಲ್ಲ" ಅಂದ ಅಮರೇಶ್ವರ.

"ಅವರನ್ನೇ ಕೇಳಿ ಹೇಳಿ."

ಶೈಲಾ ತಾಯಿಯ ಕಡೆ ತಿರುಗಿದಳು. "ಅವ್ವಾ, ನಿನ್ನ ಯಾರು ನೋಡ್ಕೋತಾರಂತ ಕೇಳಾಕತ್ತಾರ."

"ಅದಲ್ಲ ಅವ್ರು ಕೇಳಿದ್ದು" ಅಂದ ಅಮರೇಶ್ವರ. "ಸರಿಯಾಗಿ ಕೇಳು. ಇಂಥಲ್ಲಿ ಒಂದಕ್ಕೊಂದು ಹೇಳಬಾರದು. ನಿಮ್ಮವ್ವಗ ಏನರ ಗಳಿಕಿ ಐತೇನು ಅಂತ ಕೇಳು."

ಗುರುಸಿದ್ದಮ್ಮ ಅಳಿಯನ ಮಾತು ಕೇಳಿದಳು. ಅವನ ಕಡೆ ನೋಡಲಿಲ್ಲ, ಶೈಲಾಳ ಕಡೆಯೂ ನೋಡಲಿಲ್ಲ. ಕಂದು ಸ್ವೆಟರಿನವಳನ್ನು ನೋಡುತ್ತ ಹೇಳಿದಳು.

"ಐತಿ ಅನ್ನು. ಸಲ್ಮಾನ ಕೂಸಿನ್ನ ನೋಡ್ಕೊಂಡದ್ದಕ್ಕ ಆಕಿ ವಾರಕ್ಕ ಹದಿನೈದು ಕೊಡ್ತಾಳ. ಅದನ್ನ ಸೋಮವಾರಕ್ಕೊಮ್ಮೆ ಹಿಟ್ಟಿನ ಡಬ್ಬ್ಯಾಗ ಹಾಕ್ತೀನಿ. ಅಳಿಯಂದ್ರು ದೇವರಂಥವ್ರು. ಆದ್ರ ಮಗಳ ಮನ್ಯಾಗ ನಾ ಬಿಟ್ಟಿ ಉಂಡಿಲ್ಲ ಅಂತ ಹೇಳು. ನನ್ನ ಮಗಳು ಕಳ್ಳಿ ಅಲ್ಲ, ಅದನ್ನೂ ಹೇಳು."

ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದಳು. ಆ ಇಡೀ ಕಟ್ಟಡದಲ್ಲಿ ಈ ಭಾಷೆ ತಿಳಿದವರು ಮೂವರೇ. ಗೋಡೆಯ ಬದಿಯ ಬಿಸಿನೀರಿನ ಕೊಳವೆ ಟಿಕ್ ಟಿಕ್ ಅನ್ನುತ್ತಿತ್ತು.

"ಶಿ ಸೇಸ್..." ಶೈಲಾ ಬಾಯಿ ತೆರೆದಳು. ಗಂಡನನ್ನು ನೋಡಿದಳು. ಅವನ ಮುಖ ಬೂದಿಯಾಗಿತ್ತು. ಅಳಿಯ ಸಾಕುತ್ತಾನಂತೆ ಎಂದುಬಿಟ್ಟರೆ ಮುಗಿಯಿತು. ಕೇಳುವವರಿಲ್ಲ. ಅವನೂ ಅದನ್ನೇ ಎಣಿಸುತ್ತಿದ್ದನೋ ಏನೋ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಇವರು ಒಂದು ಮಗು ನೋಡಿಕೊಂಡು ವಾರಕ್ಕೆ ಹದಿನೈದು ಡಾಲರ್ ಗಳಿಸುತ್ತಾರೆ" ಎಂದು ಅವನೇ ಇಂಗ್ಲಿಷಿನಲ್ಲಿ ಹೇಳಿದ. "ತಮ್ಮ ಊಟದ ಹಣ ತಾವೇ ಕೊಡುತ್ತಾರೆ. ನನಗೆ ಗೊತ್ತಿರಲಿಲ್ಲ."

ಅಧಿಕಾರ ನಡೆಸುವವರ ಸಿಟ್ಟು ಆ ಹೆಂಗಸಿನಲ್ಲಿ ಇರಲಿಲ್ಲ. ಯಾವಾಗಿನಿಂದ ಎಂದು ಕೇಳಿದಳು, ಬರೆದುಕೊಂಡಳು, ಲೆಕ್ಕ ಹಾಕಿದಳು. ವರ್ಷಕ್ಕೆ ಏಳುನೂರೈವತ್ತು ಮುಟ್ಟಿದರೆ ಡಿಪೆಂಡೆಂಟ್ ಎಂದು ತೋರಿಸುವಂತಿಲ್ಲ. ಗುರುಸಿದ್ದಮ್ಮನ ಗಳಿಕೆ ಅದನ್ನು ಸ್ವಲ್ಪದರಲ್ಲಿ ದಾಟಿತ್ತು. ಕಡಿಮೆ ಕಟ್ಟಿದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕು. ಇನ್ನು ಮುಂದೆ ಈ ಅಮ್ಮ ತಮ್ಮ ಹೆಸರಿನಲ್ಲೇ ಬೇರೆ ರಿಟರ್ನ್ ಹಾಕಬೇಕು.

"ಇವರನ್ನು ವಾಪಸ್ ಕಳಿಸುತ್ತಾರಾ?" ಶೈಲಾ ಎದ್ದು ನಿಂತು ಕೇಳಿದಳು.

"ಎಲ್ಲಿಗೆ?" ಅಂದಳು ಅಧಿಕಾರಿ. ಆಮೇಲೆ ಅರ್ಥವಾಗಿ, "ಅದು ಈ ಆಫೀಸಿನ ಕೆಲಸವಲ್ಲ, ಮಿಸೆಸ್" ಅಂದಳು.

ಈ ಆಫೀಸಿನದಲ್ಲ ಎಂದರೆ ಇನ್ಯಾವುದೋ ಆಫೀಸಿನದು. ಶೈಲಾ ಹಾಗೆ ಅಂದುಕೊಂಡೇ ಮೆಟ್ಟಿಲಿಳಿದಳು.

ರೈಲಿನಲ್ಲಿ ಜಾಗ ಖಾಲಿಯಿದ್ದರೂ ಅಮರೇಶ್ವರ ಕೂರಲಿಲ್ಲ. ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದ. ಮನೆಗೆ ಬಂದ ಮೇಲೆ, ಗುರುಸಿದ್ದಮ್ಮ ಸ್ನಾನಕ್ಕೆ ಹೋದಾಗ, ಹೆಂಡತಿಯನ್ನು ಕೇಳಿದ.

"ಎರಡು ವರ್ಷ ನಾ ಕುಡದ ಹಾಲು, ಮಜ್ಜಿಗಿ, ಎಲ್ಲಾ ಅತ್ತಿಯವ್ರದು. ಹೌದಿಲ್ಲೋ?"

"ಎಲ್ಲಾ ಅಲ್ಲ."

"ನಾ ಗಂಡಸು ಅಂತ ಊರ ತುಂಬ ಹೇಳ್ಕೊಂಡು ಅಡ್ಡಾಡಿದೆ. ನನಗ ಒಂದು ಮಾತು ಹೇಳಬೇಕಾಗಿತ್ತು."

"ಹೇಳಿದ್ರ ನೀವು ಆಕಿನ್ನ ದುಡಿಯಾಕ ಬಿಡ್ತಿದ್ರೇನು?"

"ಬಿಡ್ತಿರಲಿಲ್ಲ."

"ಆಕಿ ಉಣ್ತಿರಲಿಲ್ಲ. ನಾ ಯಾರನ್ನ ಕಾಯಲಿ?"

ಅವನು ಎದ್ದು ಮಲಗುವ ಕೋಣೆಗೆ ಹೋದ. ಕೋಟನ್ನು ತಂದು ಬಾಗಿಲ ಬಳಿಯ ಗೂಟಕ್ಕೆ ಹಾಕಿದ.

ಸುದ್ದಿ ಕೇಳಿ ಸಲ್ಮಾ ಹೆದರಿದಳು. "ಮಾಫ್ ಮಾಡ್ರಿ ಅಮ್ಮಾ. ನನ್ನ ಕಾಗದ ಇನ್ನೂ ಪಕ್ಕಾ ಆಗಿಲ್ಲ. ಸರ್ಕಾರದವ್ರು ನನ್ನ ಹೆಸರೂ ಬರ್ಕೊಂಡಾರೇನು?" ಎಂದು ಬಾಗಿಲಲ್ಲೇ ನಿಂತು ಕೇಳಿ, ಕೂಸನ್ನು ಎತ್ತಿಕೊಂಡು ಹೋದಳು. ಬೇರೆ ಬೀದಿಯ ಯಾರ ಮನೆಯಲ್ಲೋ ಬಿಡುತ್ತಿದ್ದಾಳೆಂದು ಆಮೇಲೆ ಗೊತ್ತಾಯಿತು. ಮಧ್ಯಾಹ್ನ ಕೂಸಿನ ಹೊತ್ತಿಗೆ ಗುರುಸಿದ್ದಮ್ಮ ಸುಮ್ಮನೆ ಟವೆಲ್ ಮಡಿಸುವಳು, ಬಿಚ್ಚುವಳು.

ಸೋಮವಾರ ಬಂತು. ಅವಳು ಪೂಜೆ ಮುಗಿಸಿದಳು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು, ಹಾಕಲು ಏನೂ ಇಲ್ಲದೆ ಮುಚ್ಚಿದಳು. ಎಲ್ಲರಿಗೂ ರೊಟ್ಟಿ ಬಡಿದು ಹಾಕಿ ತಾನು ಕೂರಲಿಲ್ಲ.

"ಹಸಿವಿಲ್ಲ."

ಮರುದಿನವೂ ಹಸಿವಿರಲಿಲ್ಲ. ಲಿಂಗಕ್ಕೆ ತೋರಿಸಿದ ಹಾಲು ಒಂದು ಗುಟುಕು, ಅಷ್ಟೆ. "ಅಜ್ಜಿ, ಪ್ಲೀಸ್ ಈಟ್" ಎಂದು ನಿರುಪಮಾ ತನ್ನ ಜಾಮಿನ ಬ್ರೆಡ್ಡು ತಂದು ಬಾಯಿಗೆ ಹಿಡಿದಳು. ಅಜ್ಜಿ ಅದನ್ನು ಅವಳ ಬಾಯಿಗೇ ಹಾಕಿದಳು. ಬುಧವಾರ ಮಧ್ಯಾಹ್ನ ಶೈಲಾ ನೋಡಿದಾಗ ತಾಯಿ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ಸೀರೆಗಳನ್ನು ಇಡುತ್ತಿದ್ದಳು.

"ಈಶಣ್ಣಗ ಒಂದು ಪತ್ರ ಬರಿ."

"ಅಲ್ಲಿ ಏನ್ ಹಾಕಿ ಉಣ್ತೀ ಅವ್ವಾ? ಅಲ್ಲಿ ಬಿಟ್ಟಿ ಉಣ್ಣಾಕ ಬರತೈತೇನು?"

"ಅದು ಗಂಡನ ಮನಿ. ಅಲ್ಲಿ ಬೈಸ್ಕೊಂಡು ಉಂಡ್ರೂ ತಪ್ಪಿಲ್ಲ."

"ಸರ್ಕಾರ ಕಳಿಸ್ತದಂತ ನಾ ಜೀವ ಕೈಯಾಗ ಹಿಡದಿದ್ದೆ. ಈಗ ನಿನ್ನಷ್ಟಕ್ಕ ನೀನ ಹೊಂಟಿಯಲ್ಲ!"

"ಕೂಗಬ್ಯಾಡ. ಕೆಳಗಿನವ್ರು ಕೋಲು ತಗೋತಾರ."

ಸಂಜೆ ಅಮರೇಶ್ವರ ಬಂದಾಗ ಪೆಟ್ಟಿಗೆ ಬಾಗಿಲ ಹತ್ತಿರವಿತ್ತು. ಅದನ್ನು ದಾಟಿ ಒಳಗೆ ಬಂದ. ಊಟಕ್ಕೆ ಕೂತ. ಎರಡು ತುತ್ತು ಉಂಡು ತಾಟು ಸರಿಸಿದ. ಆ ಮನೆಯಲ್ಲಿ ಅಂದು ಮಿಕ್ಕ ರೊಟ್ಟಿಗಳು ಮುರಿಯದೆ ಉಳಿದವು.

ಗುರುವಾರ ಬೆಳಿಗ್ಗೆ ಅವನು ಕೋಟು ತೊಟ್ಟು, ಟೊಪ್ಪಿಗೆ ಹಾಕಿ, ಬಾಗಿಲು ತೆರೆದು ಹೋದ. ಶೈಲಾ ಕಿವಿಗೊಟ್ಟಳು. ಹೆಜ್ಜೆಯ ಸದ್ದು ಕೆಳಕ್ಕೆ ಹೋಗಲಿಲ್ಲ, ಮೇಲಕ್ಕೆ ಹೋಯಿತು. ಮೇಲೆ ಬಾಗಿಲು ಬಡಿದ ಸದ್ದು, ಮಾತು, ಸಲ್ಮಾಳ ಗಾಬರಿಯ ದನಿ, ಮತ್ತೆ ಇವನ ದನಿ. ಬಹಳ ಹೊತ್ತಾಯಿತು.

ಬಂದವನ ಕಂಕುಳಲ್ಲಿ ಕೂಸು ಓರೆಯಾಗಿ ನೇತಾಡುತ್ತಿತ್ತು. ಒಂದು ಕಾಲಿಗೆ ಕಾಲುಚೀಲವಿಲ್ಲ. ಹಿಂದೆ ಬಿಳಿ ಉಡುಪಿನಲ್ಲಿ ಸಲ್ಮಾ. ಅಮರೇಶ್ವರ ಅಡುಗೆಮನೆಗೆ ಬಂದು ಫ್ರಿಜ್ಜಿನ ಕಡೆ ಮುಖ ಮಾಡಿ ನಿಂತ.

"ಕೂಸಿಗೆ ಹಸಿವಾಗೇತಿ" ಅಂದ.

ಗುರುಸಿದ್ದಮ್ಮ ಗೋಡೆ ಹಿಡಿದು ಎದ್ದಳು. ಅವನು ಫ್ರಿಜ್ಜಿನಿಂದ ತಿರುಗಿದ. ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ಅತ್ತಿಯವ್ರ, ಸಲ್ಮಾಗ ತಿಳಿಸಿ ಹೇಳೇನಿ. ಆಕಿ ಕೊಟ್ಟದ್ದು ಬರದಿಡ್ತಾಳ, ನಿಮ್ಮ ಹೆಸರಿಲೆ ಕಾಗದ ನಾ ತುಂಬ್ತೀನಿ, ನೀವು ಸಹಿ ಮಾಡ್ರಿ. ನನ್ನ ಕಾಗದದಾಗ ನಿಮ್ಮ ಹೆಸರು ಇನ್ನ ಹಾಕಂಗಿಲ್ಲ."

ಅವಳು ತಡವರಿಸಿದಳು. "ಶೈಲಾ, ಕೇಳು ಅವ್ರನ್ನ. ಹೆಸರು ತಗದ್ರ ಮನಿಯಿಂದ ತಗದಂಗ ಏನು?"

"ಅಲ್ರೀ" ಅಂದ ಅವನು, ಶೈಲಾ ಬಾಯಿ ತೆರೆಯುವ ಮೊದಲೇ. "ನೀವು ಡಬ್ಬ್ಯಾಗ ಹಾಕ್ರಿ. ನಾ ಬ್ಯಾಡನ್ನಂಗಿಲ್ಲ. ಆದ್ರ ಹಿಟ್ಟಿನಾಗ ಹುಗೀಬ್ಯಾಡ್ರಿ. ನನಗ ಕಾಣೂ ಹಂಗ ಹಾಕ್ರಿ."

ಕೂಸು ಕೈ ಚಾಚಿ, "ಅಜ್ಜೀ, ಲೊಟ್ಟಿ" ಎಂದು ಅಳತೊಡಗಿತು. ಗುರುಸಿದ್ದಮ್ಮ ಅದನ್ನು ತೆಗೆದುಕೊಂಡು ಸೊಂಟಕ್ಕೆ ಇಟ್ಟಳು. ಮೂರು ದಿನ ಉಣ್ಣದ ದೇಹ ಒಮ್ಮೆ ತೂಗಿತು. ಶೈಲಾ ಮುಂದೆ ಬಂದಳು. ತಾಯಿ ಕೈಯಿಂದಲೇ ತಡೆದಳು.

"ಇವತ್ತು ಗುರುವಾರ" ಅಂದಳು. "ಸೋಮವಾರದ ತನಕ ಡಬ್ಬ್ಯಾಗ ಏನೂ ಇಲ್ಲ."

ಅಮರೇಶ್ವರ ಟೊಪ್ಪಿಗೆ ಸರಿಮಾಡಿಕೊಂಡ.

"ಅಲ್ಲೀತನ ಉದ್ರಿ."

ಗುರುಸಿದ್ದಮ್ಮ ಅಳಿಯನನ್ನು ನೋಡಿದಳು. ಫ್ರಿಜ್ಜನ್ನಲ್ಲ, ಗೋಡೆಯನ್ನಲ್ಲ.

"ಉದ್ರಿ ಕೊಟ್ಟ ಅಂಗಡಿ ಉದ್ಧಾರ ಆಗಂಗಿಲ್ಲ ನೋಡ್ರಿ" ಅಂದಳು.

"ಆಗದಿದ್ರ ಬ್ಯಾಡ. ನನಗ ರೈಲಿಗೆ ಹೊತ್ತಾತು."

ಅವನು ಹೋದ. ಸಲ್ಮಾ ಕಾಲುಚೀಲ ಮೇಜಿನ ಮೇಲಿಟ್ಟು ಅವನ ಹಿಂದೆಯೇ ಇಳಿದಳು. ಶೈಲಾ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ಮಂಚದ ಕೆಳಗೆ ದೂಡುತ್ತಿರುವಾಗ ಕೆಳಗೆ ಧಡ್ ಎಂದು ಬಾಗಿಲು ಬಡಿಯಿತು. ಅವಳು ಮೊಣಕಾಲೂರಿದ್ದಲ್ಲೇ ಸೆಟೆದು ಕೂತಳು. ಯಾರೋ ಬಂದರು ಅನ್ನಿಸಿತು. ಅದು ಗಂಡ ಬೀದಿಗಿಳಿದ ಸದ್ದು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಇನ್ನು ಎಷ್ಟು ದಿನ ಹೀಗೆ ಹೊಡೆದುಕೊಳ್ಳುವುದೋ ಎಂದು ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಾದಳು.

ಅಡುಗೆಮನೆಯಲ್ಲಿ ರಾತ್ರಿಯ ಕಟಕು ರೊಟ್ಟಿ ಕಟಕ್ಕನೆ ಮುರಿದ ಸದ್ದಾಯಿತು. ಕೂಸಿಗೆ ಕೊಟ್ಟಿರಬೇಕು. ಸ್ವಲ್ಪ ತಡೆದು, ಇನ್ನೊಮ್ಮೆ ಮುರಿಯಿತು.